ಸಮುದ್ರಮಟ್ಟ

ಮೂರನೆಯ ರಾತ್ರಿ ಅಡುಗೆಮನೆಯಲ್ಲಿ ಟಿಕ್ ಟಿಕ್ ಸದ್ದು.
ಇಲಿಯೆಂದು ಪೊರಕೆ ಹಿಡಿದು ದೀಪ ಹಾಕಿದೆ.
ಗ್ರಾನೈಟ್ ಕಟ್ಟೆಯ ಮೇಲೆ, ಸಾಸಿವೆ ಡಬ್ಬಿಯ ಪಕ್ಕ,
ದ್ವೀಪದಿಂದ ಕಾಲುಚೀಲದಲ್ಲಿ ಕದ್ದು ತಂದ ಶಂಖ
ಕೆಂಪು ಕಾಲು ಚಾಚಿ ನಡೆಯುತ್ತಿತ್ತು.

ಖಾಲಿಯೆಂದೇ ತಂದದ್ದು. ದೇವರಾಣೆ.

*

ಅಲ್ಲಿ, ಆ ಮರಳಿನಲ್ಲಿ, ಯಾರದೂ ಅಲ್ಲದ್ದು ಎಷ್ಟೊಂದಿತ್ತು!
ಎಲ್‌ಟಿಸಿ ರಜೆಯ ಐದನೇ ದಿನ. ದೋಣಿಯ ಬಿಜನ್ ಹಾಲ್ದಾರ್
ನನ್ನನ್ನೂ ಇಂದ್ರಾಣಿ ಅಕ್ಕನನ್ನೂ
ಮೊಣಕಾಲುದ್ದ ನೀರಲ್ಲಿ ಇಳಿಸಿ
‘ಚಾರ್ ಬಜೇ’ ಎಂದು ನಾಲ್ಕು ಬೆರಳು ತೋರಿಸಿ ಹೋಗಿಬಿಟ್ಟ.
ಜೆಟ್ಟಿ ಇಲ್ಲ. ಬೋರ್ಡಿಲ್ಲ. ಎಳನೀರಿನವನಿಲ್ಲ.
ಕಕ್ಕಸು ಎಲ್ಲೇ ಎಂದಳು ಅಕ್ಕ.
ಕಾಡು ನೇರ ಬಂದು ಮರಳಿಗೆ ಕಾಲಿಟ್ಟಿತ್ತು.
ಬುಡಮೇಲಾದ ಮರಗಳ ಬೇರಿನಲ್ಲಿ ಸಿಕ್ಕಿಕೊಂಡ ಚಪ್ಪಲಿಗಳು,
ಎಲ್ಲಾ ಎಡಗಾಲಿನವೇ, ಯಾವ ಯಾವುದೋ ದೇಶದವು.

ಮೊದಲ ಗಂಟೆ ಭಯವಾಯಿತು, ಸುಳ್ಳೇಕೆ.
ಸೈಟಿನ ಕಲ್ಲು ನೆಡದ ಒಂದು ಮೊಳವೂ ಇಲ್ಲದ ಊರಿನಿಂದ ಬಂದವರಿಗೆ
ಅಷ್ಟು ಜಾಗದಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ.
ಬ್ಯಾಗು ಇಟ್ಟೆವು, ಎತ್ತಿದೆವು, ಇನ್ನೊಂದು ಕಡೆ ಇಟ್ಟೆವು.
ಆಮೇಲೆ ಅಕ್ಕ, ಐವತ್ತೆಂಟರ ಅಕ್ಕ,
ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು
ಸೀರೆ ಸಮೇತ ಹೋಗಿ ಅಲೆಯೊಳಗೆ ಕೂತಳು,
ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕವಳ ಹಾಗೆ.
ಮಾತಾಡಲಿಲ್ಲ. ಮೂರು ಗಂಟೆ.
ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು
ಭಾವ ಹೋದ ದಿನ ಬಿಟ್ಟರೆ ಅವತ್ತೇ.

*

ಈಗ ಇದು. ಲಗ್ಗೆರೆ, ಮೂರನೇ ಮಹಡಿ, ರಾತ್ರಿ ಎರಡೂಕಾಲು.
ಇಪ್ಪತ್ತಾರು ವರ್ಷ ಅಂಚೆ ವಿಂಗಡಿಸಿದ ಕೈ ನನ್ನದು;
ಏಳು ನಾಲ್ಕು ನಾಲ್ಕು ಎಂದರೆ ದ್ವೀಪದ ಚೀಲ,
ಕಣ್ಣು ಮುಚ್ಚಿ ಎಸೆಯಬಲ್ಲೆ.
‘ವಿಳಾಸದಾರರಿಲ್ಲ, ವಾಪಸ್ಸು’: ಎಷ್ಟು ಮೊಹರು ಒತ್ತಿಲ್ಲ!
ಇದರ ಮೇಲೆ ಎಲ್ಲಿ ಒತ್ತಲಿ?

ಬೇಸಿನ್ನಿಗೆ ಬೋರಿನ ನೀರು, ಹಿಡಿ ಕಲ್ಲುಪ್ಪು.
ಪಕ್ಕದ ಸೈಟಿನ ಮುಂದೆ ಗುಡ್ಡೆ ಹಾಕಿದ ಎಂ-ಸ್ಯಾಂಡ್
ಎರಡು ಬೊಗಸೆ, ನೈಟಿಯ ಮಡಿಲಲ್ಲಿ ತಂದೆ.
ಅದು ಮರಳಲ್ಲ, ಪುಡಿ ಮಾಡಿದ ಕಲ್ಲು. ಏಡಿಗೆ ಗೊತ್ತಾಯಿತು.
ಒಂದು ಕಾಲು ಇಟ್ಟು ನೋಡಿ ಒಳಗೆಳೆದುಕೊಂಡಿತು,
ಬಾಗಿಲಲ್ಲಿ ಬೇಡದ ಮುಖ ಕಂಡವರ ಹಾಗೆ.

ಎಂಟು ದಿನ. ತೆಂಗಿನ ತುರಿ ತಿಂದಿತು, ಒಂದಿಷ್ಟು ಪಪ್ಪಾಯಿ.
ಅಕ್ಕನಿಗೆ ಫೋನು ಮಾಡಿ ಹೇಳಿದೆ. ಬೈಯಲಿಲ್ಲ.
‘ಅದರ ಮನೇನೇ ಎತ್ಕೊಂಡು ಬಂದ್ಯಲ್ಲೇ’ ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
‘ಅಲೆ ಇಲ್ದೆ ಅದಕ್ಕೆ ನಿದ್ದೆ ಹೆಂಗೆ ಬರತ್ತೆ?’

ಒಂಬತ್ತನೆಯ ಬೆಳಿಗ್ಗೆ ಶಂಖದ ಹೊರಗೆ ಬಿದ್ದಿತ್ತು,
ಬತ್ತಲೆ, ನಸುಗೆಂಪು, ಅಲ್ಪವಿರಾಮದ ಹಾಗೆ ಬಾಗಿ.
ಸಾಯುವಾಗ ಮನೆ ಬಿಟ್ಟುಕೊಡುತ್ತವಂತೆ ಅವು.
ನಮ್ಮ ಬೀದಿಯಲ್ಲಿ ಯಾರೂ ಬಿಟ್ಟಿದ್ದು ಕಾಣೆ.
ಕರಿಬೇವಿನ ಕುಂಡದಲ್ಲಿ ಹೂತು, ಉಗುರಿನ ಮಣ್ಣು ತೊಳೆದು
ಎರಡನೇ ಪಾಳಿಗೆ ಹೊರಟೆ.

*

ಈಗ ನಿಜವಾಗಿಯೂ ಖಾಲಿ.
ಕೆಳಮನೆಯ ಅಫ್ಶೀನ್ ಅದನ್ನು ಕಿವಿಗೆ ಹಿಡಿದು
‘ಆಂಟಿ, ಬೋರ್‌ವೆಲ್ ಲಾರಿ ಕೇಳಿಸ್ತಿದೆ’ ಎಂದಳು.
ಹೌದು, ಪಕ್ಕದ ಸೈಟಿನಲ್ಲಿ ಕೊರೆಯುತ್ತಿದ್ದರು
ನಿನ್ನೆ ಸಂಜೆಯಿಂದ. ಬಿಳಿ ಧೂಳು ಎಲ್ಲರ ಬಟ್ಟೆಯ ಮೇಲೆ.
‘ಸಾವಿರದ ಮುನ್ನೂರು ಅಡಿ ಆಯ್ತಮ್ಮ, ತೇವಾನೂ ಇಲ್ಲ’ ಎಂದ
ಮನೆ ಕಟ್ಟಿಸುವವನು, ಜಲ್ಲಿಗುಡ್ಡೆಯ ಮೇಲೆ ಕೂತು.

ಈ ಊರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಎತ್ತರ,
ಐದನೇ ಕ್ಲಾಸಿನ ಬಾಯಿಪಾಠ.
ಬೆರಳಲ್ಲಿ ಲೆಕ್ಕ ಹಾಕಿದೆ.
ಇನ್ನು ಸಾವಿರದ ಏಳುನೂರು.
ಇಳಿಸಿ, ಅಣ್ಣ. ಇಳಿಸ್ತಾ ಇರಿ.